ಗಣಿತದ ಮೇಷ್ಟ್ರಿಲ್ಲದ ಶಾಲೆ, 6.81 ಲಕ್ಷ ಕೋಟಿಯ ರಕ್ಷಣಾ ಬಜೆಟ್: ಒಂಬತ್ತನೇ ಕ್ಲಾಸಿನ ಹುಡುಗಿಗೆ ಏನು ಹೇಳಲಿ?

ಬಯಲುಸೀಮೆ ಮೇಷ್ಟ್ರು

ಹಾವೇರಿ ಜಿಲ್ಲೆಯ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಹೇಳಿಕೊಡ್ತೀನಿ. ಒಂದು ಪ್ರಶ್ನೆ ನಾಲ್ಕು ದಿನದಿಂದ ತಲೆಯಲ್ಲಿ ಕೊರೀತಾ ಇದೆ, ಅದಕ್ಕೇ ಇಲ್ಲಿ ಕೇಳ್ತಿದ್ದೀನಿ.

ಮೊದಲು ನಮ್ಮೂರಿನ ಬೆಳಗಿನ ವಿಷಯ ಹೇಳಿಬಿಡ್ತೀನಿ. ದಿನಾ ಐದು ಗಂಟೆಗೆ, ಇನ್ನೂ ಕತ್ತಲಿರುವಾಗಲೇ, ಹತ್ತು ಹನ್ನೆರಡು ಹುಡುಗರು ಡಾಂಬರು ರಸ್ತೆ ಮೇಲೆ ಓಡ್ತಾರೆ. ಹೆಚ್ಚುಕಮ್ಮಿ ಎಲ್ಲರೂ ನನ್ನ ಹಳೇ ವಿದ್ಯಾರ್ಥಿಗಳೇ. ಕೆರೆ ಏರಿಯ ಕಲ್ಲಿನಿಂದ ಹನುಮಪ್ಪನ ಗುಡಿ ಮುಟ್ಟಿ ವಾಪಸ್ ಬಂದರೆ 1600 ಮೀಟರ್. ಅವರೇ ಟೇಪು ಹಿಡಿದು ಅಳೆದು ಸುಣ್ಣದ ಗುರುತು ಹಾಕಿಕೊಂಡಿದ್ದಾರೆ. ಒಬ್ಬ ಮೊಬೈಲ್ ಹಿಡಿದು ಕಲ್ಲಿನ ಹತ್ತಿರ ನಿಂತು ಸಮಯ ಕೂಗ್ತಾನೆ. ಐದೂವರೆ ನಿಮಿಷದೊಳಗೆ ಮುಗಿಸಿದರೆ ಅಗ್ನಿವೀರ್ ರ‍್ಯಾಲಿಯಲ್ಲಿ ಓಟಕ್ಕೆ ಪೂರ್ತಿ 60 ಅಂಕ. ಇಬ್ಬರ ಕಾಲಲ್ಲಿ ಮಾತ್ರ ಶೂ ಇರುತ್ತೆ, ಉಳಿದವರು ಬರಿಗಾಲು. ಸೇನೆ ಅಂದರೆ ನಮ್ಮೂರಿಗೆ ಟೀವಿಯ ಸುದ್ದಿಯಲ್ಲ, ಮನೆ ನಡೆಸುವ ದಾರಿ.

ಈಗ ಪ್ರಶ್ನೆ. ಕಳೆದ ವಾರ ಒಂಬತ್ತನೇ ತರಗತಿಗೆ ಬಜೆಟ್ ಅಂದರೇನು ಅಂತ ಹೇಳ್ತಿದ್ದೆ. 2025-26ರ ಕೇಂದ್ರ ಬಜೆಟ್ಟಿನಲ್ಲಿ ರಕ್ಷಣಾ ಸಚಿವಾಲಯಕ್ಕೆ 6.81 ಲಕ್ಷ ಕೋಟಿ, ಶಿಕ್ಷಣಕ್ಕೆ 1.28 ಲಕ್ಷ ಕೋಟಿ, ಆರೋಗ್ಯಕ್ಕೆ ಸುಮಾರು 1 ಲಕ್ಷ ಕೋಟಿ ಅಂತ ಬೋರ್ಡ್ ಮೇಲೆ ಬರೆದೆ. ಎರಡನೇ ಬೆಂಚಿನ ಹುಡುಗಿ ಎದ್ದು ನಿಂತು ಕೇಳಿದಳು: "ಸರ್, ವಿಮಾನ ತಗೊಳ್ಳಾಕ ಇಷ್ಟು ರೊಕ್ಕ ಐತಿ, ನಮಗ ಗಣಿತದ ಸರ್ ಕಳಸಾಕ ಯಾಕ ಇಲ್ಲ?"

ನಮ್ಮಲ್ಲಿ ಜೂನ್‌ನಿಂದ ಗಣಿತಕ್ಕೆ ಕಾಯಂ ಶಿಕ್ಷಕರಿಲ್ಲ. ಅವಳ ಅಣ್ಣ ಬೆಳಗ್ಗೆ ಓಡುವವರಲ್ಲಿ ಒಬ್ಬ. ಹಾಗಾಗಿ "ದೇಶ ಮೊದಲು, ಸುಮ್ಮನೆ ಕೂತ್ಕೋ" ಅನ್ನೋ ಉತ್ತರ ನನ್ನ ಬಾಯಿಂದ ಬರಲಿಲ್ಲ, "ಹೌದು, ಅಷ್ಟೊಂದು ದುಡ್ಡು ದಂಡ" ಅಂತ ಹೇಳೋಕೂ ಆಗಲಿಲ್ಲ. ಸೋಮವಾರ ಹೇಳ್ತೀನಮ್ಮ ಅಂದೆ. ತಿಳಿದವರು ದಯವಿಟ್ಟು ಬಿಡಿಸಿ ಹೇಳಿ.

ಹಳೇ ಮೈಸೂರು

ಮೇಷ್ಟ್ರೇ, 1962 ನೆನಪು ಮಾಡಿಕೊಳ್ಳಿ. ಹಿಮದಲ್ಲಿ ನಮ್ಮ ಸೈನಿಕರು ಹತ್ತಿಬಟ್ಟೆ, ಕ್ಯಾನ್ವಾಸ್ ಶೂ, ಹಳೇ .303 ರೈಫಲ್ ಹಿಡ್ಕೊಂಡು ನಿಂತಿದ್ರು. ಆಗಲೂ ಶಾಲೆ, ಅಣೆಕಟ್ಟು ಮೊದಲು ಅಂತಲೇ ಸೇನೆಗೆ ಕೈ ಬಿಗಿ ಹಿಡಿದಿದ್ದು. ಆ ಸೋಲಿನ ಮೇಲೆ ಖರ್ಚು ದುಪ್ಪಟ್ಟು ಮಾಡಬೇಕಾಯ್ತು, ರಕ್ಷಣಾ ಮಂತ್ರಿ ಕೃಷ್ಣ ಮೆನನ್ ರಾಜೀನಾಮೆ ಕೊಡಬೇಕಾಯ್ತು. 2025ರ ಮೇ ತಿಂಗಳಲ್ಲಿ ಆಪರೇಷನ್ ಸಿಂಧೂರ ಹೊತ್ತಿಗೆ ಡ್ರೋನ್‌ಗಳು ಗಡಿ ದಾಟಿ ಬಂದಾಗ ತಡೆದಿದ್ದು ನಮ್ಮ ಸರ್ಕಾರಿ ಕಂಪನಿ ಬಿಇಎಲ್ ಕಟ್ಟಿದ ಆಕಾಶ್‌ತೀರ್ ಥರದ ವಾಯುರಕ್ಷಣಾ ವ್ಯವಸ್ಥೆ. ಅದರ ಒಪ್ಪಂದ 2023ರಲ್ಲೇ, 1,982 ಕೋಟಿಗೆ ಆಗಿತ್ತು. ಬೆಂಕಿ ಬಿದ್ದ ಮೇಲೆ ಬಾವಿ ತೋಡೋಕಾಗಲ್ಲ. ಆ ಮಗುವಿಗೆ ಇದನ್ನೂ ಹೇಳಿ.

ಲೆಕ್ಕದ ಪುಸ್ತಕ

ಮೇಷ್ಟ್ರೇ, ನಾನು ಮೂವತ್ತು ವರ್ಷ ಸರ್ಕಾರಿ ಲೆಕ್ಕಪತ್ರ ನೋಡಿ ನಿವೃತ್ತನಾದವನು. ಹುಡುಗಿ ಕೇಳಿದ್ದು ಒಳ್ಳೇ ಪ್ರಶ್ನೆ, ಆದರೆ ಉತ್ತರ ಕೊಡೋಕೆ ಮೊದಲು ಎರಡು ಜೇಬು ಬೇರೆ ಮಾಡಬೇಕು.

ಸೇನೆ ಪೂರ್ತಿ ಕೇಂದ್ರದ ಜೇಬಿನ ಖರ್ಚು. ಶಾಲೆ, ಆಸ್ಪತ್ರೆ ಬಹುಪಾಲು ರಾಜ್ಯದ ಜೇಬಿನವು. ಕೇಂದ್ರ ಇಡೀ ದೇಶದ ಶಿಕ್ಷಣಕ್ಕೆ ಕೊಡೋದು 1.28 ಲಕ್ಷ ಕೋಟಿ ಅಂತ ಬರೆದಿರಿ. ಅದೇ ವರ್ಷ ಕರ್ನಾಟಕ ಒಂದೇ ತನ್ನ 4.09 ಲಕ್ಷ ಕೋಟಿಯ ಬಜೆಟ್ಟಿನಲ್ಲಿ ಶಿಕ್ಷಣಕ್ಕೆ 45,286 ಕೋಟಿ ಇಟ್ಟಿದೆ, ಆರೋಗ್ಯಕ್ಕೆ 17,473 ಕೋಟಿ. ಅಂದರೆ ಕೇಂದ್ರದ ಶಿಕ್ಷಣದ ಮೊತ್ತದ ಮೂರನೇ ಒಂದಕ್ಕಿಂತ ಹೆಚ್ಚನ್ನು ಒಂದು ರಾಜ್ಯವೇ ಹಾಕ್ತಿದೆ. ಬರೀ ಕೇಂದ್ರದ ಪಟ್ಟಿ ಹಿಡಿದು ಸೇನೆಗೂ ಶಾಲೆಗೂ ತಾಳೆ ನೋಡಿದರೆ ಲೆಕ್ಕ ತಪ್ಪುತ್ತೆ.

ಇನ್ನೊಂದು ಗೊಂದಲ. ಒಬ್ಬರು ರಕ್ಷಣೆಗೆ ಶೇ. 13.45 ಅಂತಾರೆ, ಇನ್ನೊಬ್ಬರು ರೂಪಾಯಿಯಲ್ಲಿ 8 ಪೈಸೆ ಅಂತಾರೆ. ಎರಡೂ ಸರ್ಕಾರದ್ದೇ ಅಂಕಿ, ಎರಡೂ ಸರಿ. ಕೇಂದ್ರದ ಒಟ್ಟು ಖರ್ಚು 50.65 ಲಕ್ಷ ಕೋಟಿ. ಅದರಲ್ಲಿ ಸೈನಿಕರ ಪಿಂಚಣಿಯನ್ನೂ ಸೇರಿಸಿಕೊಂಡರೆ ರಕ್ಷಣಾ ಸಚಿವಾಲಯದ ಪಾಲು ಶೇ. 13.45. ಬಜೆಟ್ ದಿನ ಪತ್ರಿಕೆಯಲ್ಲಿ ಬರೋ ದುಂಡನೆ ನಾಣ್ಯದ ಚಿತ್ರ ಇದೆಯಲ್ಲ, ಅದರಲ್ಲಿ ರಾಜ್ಯಗಳಿಗೆ ಹೋಗುವ ತೆರಿಗೆ ಪಾಲನ್ನೂ ಒಟ್ಟಿಗೆ ಸೇರಿಸ್ತಾರೆ, ಪಿಂಚಣಿಯನ್ನು ಬೇರೆ ತೆಗೀತಾರೆ. ಆಗ 8 ಪೈಸೆ ಆಗುತ್ತೆ. ವಾದಕ್ಕೆ ಬೇಕಾದ ಹಾಗೆ ಒಂದೊಂದು ಅಂಕಿ ಹಿಡ್ಕೊಂಡು ಜನ ಜಗಳ ಆಡ್ತಾರೆ.

ಈಗ ಆ 6.81 ಲಕ್ಷ ಕೋಟಿಯ ಹೊಟ್ಟೆಯೊಳಗೆ ಏನಿದೆ ನೋಡಿ. ನೂರು ರೂಪಾಯಿ ಅಂದುಕೊಂಡರೆ:

ಸಂಬಳ, ಪಡಿತರ, ಇಂಧನ, ಮದ್ದುಗುಂಡು, ದುರಸ್ತಿ ಇತ್ಯಾದಿ ದಿನದ ಖರ್ಚಿಗೆ ಸುಮಾರು 46. ಪಿಂಚಣಿಗೆ 24ರ ಹತ್ತಿರ, ಅಂದರೆ 1.60 ಲಕ್ಷ ಕೋಟಿ. ಹೊಸ ವಿಮಾನ, ಹಡಗು, ಫಿರಂಗಿ ಎಲ್ಲ ಬರೋ ಬಂಡವಾಳ ವೆಚ್ಚಕ್ಕೆ 26, ಅಂದರೆ 1.80 ಲಕ್ಷ ಕೋಟಿ. ಉಳಿದ ನಾಲ್ಕು ಗಡಿರಸ್ತೆ, ಕರಾವಳಿ ಕಾವಲು ಮುಂತಾದವಕ್ಕೆ.

ಹುಡುಗಿ ಹೇಳಿದ "ವಿಮಾನದ ರೊಕ್ಕ" ಆ 26ರಲ್ಲಿ ಒಂದು ತುಂಡು. ಅವಳ ಕಣ್ಣಿಗೆ ಬೀಳದ ಇನ್ನೊಂದು ಸಾಲು ಇದೆ. ಅದು ಸಾಲದ ಬಡ್ಡಿ, 12.76 ಲಕ್ಷ ಕೋಟಿ. ರಕ್ಷಣೆಯ ಹೆಚ್ಚುಕಮ್ಮಿ ಎರಡರಷ್ಟು. ರೂಪಾಯಿಯಲ್ಲಿ 20 ಪೈಸೆ.

ಜಗಲಿ ಮಾತು

ಲೆಕ್ಕದ ಪುಸ್ತಕ ಸರ್, ಬಡ್ಡಿ ಸೇನೆಯ ಎರಡರಷ್ಟು ಅಂತ ಇವತ್ತೇ ಗೊತ್ತಾಗಿದ್ದು. ಆದರೆ ಪಿಂಚಣಿಗೇ ಕಾಲು ಭಾಗ ಹೋದರೆ ಹೊಸ ಆಯುಧಕ್ಕೆ ಉಳಿಯೋದಾದರೂ ಏನು? ಅದನ್ನಲ್ಲವೇ ಮೊದಲು ಕಡಿಮೆ ಮಾಡಬೇಕಾಗಿರೋದು?

ಮಾಜಿ ಹವಾಲ್ದಾರ್, ಬೆಳಗಾವಿ ಜಿಲ್ಲೆ

ಜಗಲಿ ಮಾತು ಅವರಿಗೆ ನಮಸ್ಕಾರ. ಆ ಕಾಲು ಭಾಗದಾಗ ನಂದೂ ಪಾಲು ಐತ್ರಿ, ಅದಕ್ಕ ನಾನs ಹೇಳಬೇಕು.

24 ವರ್ಷ ಸರ್ವಿಸ್ ಮಾಡಿ ಬಂದೇನಿ. ಎರಡು ಸಲ ಗ್ಲೇಸಿಯರ್ ಮ್ಯಾಲೆ ಡ್ಯೂಟಿ. ಸಿಯಾಚಿನ್ ಅಂದ್ರ ಏನಂತ ನಿಮಗ ಹೇಳ್ತೇನಿ. ಫೈಬರ್ ಗುಡಿಸಲಿನ್ಯಾಗ ಬುಖಾರಿ ಉರೀತಿರತೈತಿ, ಸೀಮಿಎಣ್ಣಿ ಒಲಿ. ಅದು ಆರಿದ್ರ ನಾವೂ ಆರಿದಂಗ. ಮುಂಜಾನೆ ಉಗುಳಿದ್ರ ಉಗುಳು ಕರಿಗೆ ಬರತೈತಿ, ಹೊಗಿ ಒಳಗ ಹೋಗಿರತೈತಲ್ಲ. ಕಿತ್ತಳಿ ಹಣ್ಣು ಕಲ್ಲಾಗತೈತಿ, ತತ್ತಿ ಒಡಿಯಾಕ ಸುತ್ತಿಗಿ ಬೇಕು. ಒಂದು ಪೋಸ್ಟಿನಿಂದ ಇನ್ನೊಂದಕ್ಕ ಹೋಗೂವಾಗ ಎಲ್ಲಾರೂ ಒಂದs ಹಗ್ಗಕ್ಕ ಕಟ್ಟಿಕೊಂಡು ನಡೀತೇವಿ, ಯಾಕಂದ್ರ ಕಾಲ ಕೆಳಗ ಬಿರುಕು ಎಲ್ಲಿ ಐತಿ ಅಂತ ಕಣ್ಣಿಗೆ ಕಾಣೂದಿಲ್ಲ. ಕಾಲುಚೀಲ ಒದ್ದಿ ಆದ್ರ ಹತ್ತು ನಿಮಿಷದಾಗ ಬೆರಳು ಮರಗಟ್ಟಿ ಬಿಡತಾವ. ನನ್ನ ಜೋಡಿದಾರನ ಎಡಗಾಲಿನ ಎರಡು ಬೆರಳು ಹಂಗs ಹೋದವು.

ನಮ್ಮ ಕುಂದಗೋಳ ತಾಲ್ಲೂಕು ಬೆಟದೂರಿನ ಹನುಮಂತಪ್ಪ ಕೊಪ್ಪದ ಹೆಸರು ಯಾರೂ ಮರ್ತಿಲ್ಲ. 2016ರ ಫೆಬ್ರವರಿಯಾಗ ಸೋನಂ ಪೋಸ್ಟಿನ ಮ್ಯಾಲೆ ಹಿಮ ಕುಸಿದು ಹತ್ತು ಮಂದಿ ಹೂತು ಹೋದ್ರು. ಆರು ದಿನ ಆದ ಮ್ಯಾಲೆ ತಗದಾಗ ಈ ಒಬ್ಬಾಂವ ಜೀವಂತ ಇದ್ದ. ದಿಲ್ಲಿಗೆ ಒಯ್ದ್ರು, ಉಳೀಲಿಲ್ಲ.

ಅದs ಕಾಲದಾಗಿನ ಒಂದು ಮಾತು ಹೇಳ್ತೇನಿ. ಸರ್ಕಾರದ ಲೆಕ್ಕ ತಪಾಸ ಮಾಡೂ ಸಿಎಜಿಯ ವರದಿ 2020ರಾಗ ಸಂಸತ್ತಿನ ಮುಂದ ಬಂತು. ಸಿಯಾಚಿನ್, ಲಡಾಖದಂಥ ಎತ್ತರದ ಜಾಗಾಕ್ಕ 2015ರ ನವೆಂಬರ್‌ನಿಂದ 2016ರ ಸೆಪ್ಟೆಂಬರ್ ತನಕಾ ಹಿಮದ ಬೂಟು ಬರಲಿಲ್ಲ, ಇದ್ದ ಹಳೀ ಬೂಟನ್ನs ಮತ್ತ ಹಾಕ್ಕೋಬೇಕಾತು ಅಂತ ಅದರಾಗ ಐತಿ. ಹಿಮದ ಕನ್ನಡಕದ ಕೊರತಿ ಶೇಕಡಾ 62ರಿಂದ 98ರ ತನಕಾ ಇತ್ತಂತ. ಬಜೆಟ್ ಆ ವರ್ಷ ಏನು ಕಡಿಮಿ ಇತ್ತೇನ್ರಿ? ಲಕ್ಷಾಂತರ ಕೋಟಿ ಇತ್ತು. ಕನ್ನಡಕ ಮಾತ್ರ ಮ್ಯಾಲೆ ಬರಲಿಲ್ಲ. ಹಿಮದಾಗ ಕನ್ನಡಕ ಇಲ್ಲದ ನಾಕು ತಾಸು ನಿಂತ್ರ ಕಣ್ಣಾಗ ಮರಳು ಸುರಿದಂಗ ಆಗತೈತಿ, ಕುರುಡು ಹಿಡೀತೈತಿ.

ಪಿಂಚಣಿ ವಿಚಾರ. ಜವಾನ 35-40ಕ್ಕ ಮನಿಗೆ ಬರತಾನ. ಸರ್ಕಾರಿ ಕಾರಕೂನ 60ಕ್ಕ. ನಮ್ಮ ದುಡಿಯೋ ವಯಸ್ಸು ಸೇನೆ ತಗೊಂಡೈತಿ, ಅದರ ಬದಲಿ ಪಿಂಚಣಿ. ಅದನ್ನ ಹೊರಿ ಅಂತ ಕರೀಬ್ಯಾಡ್ರಿ. ಅದು ಮೊದಲs ದುಡಿದು ಇಟ್ಟದ್ದು.

ಕಡಲ ಮಗಳು

ಹವಾಲ್ದಾರ್ ಮಾಮ, ನಿಮ್ಮ ಮಾತು ಓದಿ ಕಣ್ಣಲ್ಲಿ ನೀರು ಬಂತು. ಅದಕ್ಕೇ ನನ್ನ ಮಾತನ್ನೂ ಅದೇ ಗೌರವದಿಂದ ಕೇಳಿ.

ನಾವು ಕಾರವಾರದ ಕಡೆಯವರು. ನೌಕಾನೆಲೆಗೆ 1986ರಲ್ಲಿ ರಾಜೀವ್ ಗಾಂಧಿ ಅಡಿಗಲ್ಲು ಹಾಕಿದರು, 2005ರಲ್ಲಿ ಐಎನ್ಎಸ್ ಕದಂಬ ಶುರುವಾಯಿತು. ನಡುವೆ ಕಾರವಾರ, ಅಂಕೋಲೆ ನಡುವಿನ ಊರುಗಳಿಂದ ನಾಲ್ಕು ಸಾವಿರಕ್ಕೂ ಹೆಚ್ಚು ಮನೆಗಳನ್ನು ಎಬ್ಬಿಸಿದರು. ನಮ್ಮದೂ ಒಂದು. ಅಜ್ಜ ರಂಪಣಿ ಬಲೆಯ ಮೀನುಗಾರ. ಬಲೆ ಎಳೆಯೋಕೆ ಕಡಲದಂಡೆ ಬೇಕು, ನೂರು ಕೈ ಬೇಕು. ಪುನರ್ವಸತಿ ಸೈಟು ಸಿಕ್ಕಿದ್ದು ಹೆದ್ದಾರಿಯಾಚೆ, ಗುಡ್ಡದ ಬುಡದಲ್ಲಿ. ಅಲ್ಲಿ ಬಲೆ ಒಣಗಿಸೋಕೂ ಜಾಗ ಇರಲಿಲ್ಲ. ಅಜ್ಜ ಆ ಬಲೆಯನ್ನು ಮಡಚಿ ಅಟ್ಟದ ಮೇಲಿಟ್ಟರು, ಅವರು ಸಾಯುವವರೆಗೂ ಅದು ಅಲ್ಲೇ ಇತ್ತು. ಹೆಚ್ಚುವರಿ ಪರಿಹಾರದ ಅರ್ಜಿ ಹಿಡಿದು ಅಪ್ಪ ಒಂದು ಕಚೇರಿಗೆ ಎಷ್ಟು ವರ್ಷ ಅಲೆದರು ಅಂದರೆ, ಅವರ ಜೊತೆ ಬಾಲವಾಡಿಯಿಂದ ಹೋಗಲು ಶುರು ಮಾಡಿದ ನಾನು ಡಿಗ್ರಿ ಮುಗಿಸಿದ ಮೇಲೂ ಹೋಗಿದ್ದೇನೆ.

ನೌಕಾನೆಲೆ ಬೇಡ ಅಂತ ನಾನು ಹೇಳ್ತಿಲ್ಲ. ಮುಂಬೈ ಬಂದರಿನಲ್ಲಿ ಜಾಗ ಇಕ್ಕಟ್ಟು, ಪಶ್ಚಿಮ ಕರಾವಳಿಗೆ ಇನ್ನೊಂದು ನೆಲೆ ಬೇಕಿತ್ತು, ಸರಿ. ಆದರೆ ರಕ್ಷಣಾ ಖರ್ಚು ಅಂತ ನಾವು ಎಣಿಸುವ ಮೊತ್ತದಲ್ಲಿ ನಮ್ಮ ಅಜ್ಜನ ದಂಡೆಯ ಬೆಲೆ ಎಲ್ಲೂ ಇಲ್ಲ. ಚಳ್ಳಕೆರೆಯಲ್ಲೂ ಹಾಗೇ ಆಯಿತು. ರಕ್ಷಣಾ ಸಂಶೋಧನೆಯ ಡಿಆರ್‌ಡಿಒ ಪರೀಕ್ಷಾ ಕೇಂದ್ರಕ್ಕೂ ಬೇರೆ ಸಂಸ್ಥೆಗಳಿಗೂ ಹೋದದ್ದು ಅಮೃತಮಹಲ್ ಕಾವಲು, ಕುರಿಗಾಹಿಗಳು ತಲೆಮಾರಿನಿಂದ ಮೇಯಿಸಿದ ಹುಲ್ಲುಗಾವಲು. ಹಾಗಾಗಿ ಮೇಷ್ಟ್ರೇ, ಹುಡುಗಿಗೆ ಲೆಕ್ಕ ಹೇಳುವಾಗ ಪುಸ್ತಕಕ್ಕೆ ಹತ್ತದ ಈ ಖರ್ಚನ್ನೂ ಹೇಳಿ.

ಹಳೇ ಮೈಸೂರು

ಅಕ್ಕಾ, ನಿಮ್ಮ ಮಾತಿಗೆ ಎದುರು ಮಾತಿಲ್ಲ. ಊರು ಬಿಟ್ಟವರಿಗೆ ಮೊದಲು ಪರಿಹಾರ, ಆಮೇಲೆ ಅಡಿಗಲ್ಲು ಆಗಬೇಕಿತ್ತು.

ಪೀಣ್ಯ ಲೇತ್

ನಾನು ಪೀಣ್ಯದಲ್ಲಿ ಸಣ್ಣ ಮಷೀನ್ ಶಾಪ್ ಇಟ್ಟಿದ್ದೀನಿ. ಮೂರು ಸಿಎನ್‌ಸಿ, ಹನ್ನೊಂದು ಜನ ಕೆಲಸಗಾರರು. ವಿಮಾನದ ಬ್ರಾಕೆಟ್, ಬುಷ್, ಫಿಟಿಂಗ್ ಮಾಡ್ತೀವಿ. ಅಂಗೈಯಗಲದ ಅಲ್ಯೂಮಿನಿಯಂ ಪೀಸು. ಅದರಲ್ಲೊಂದು ರಂಧ್ರ ಕೂದಲೆಳೆಯ ಕಾಲು ಭಾಗದಷ್ಟು ಹೆಚ್ಚುಕಮ್ಮಿ ಆದರೆ ಇಡೀ ಪೀಸು ರಿಜೆಕ್ಟ್. ಪ್ರತಿ ಪೀಸಿನ ಜೊತೆ ಅದು ಯಾವ ಗಟ್ಟಿಯಿಂದ ಬಂತು, ಯಾರು ಕಟ್ ಮಾಡಿದರು, ಯಾರು ಅಳೆದರು ಅಂತ ಕಾಗದ ಹೋಗುತ್ತೆ. ನನ್ನ ಹುಡುಗ ಒಬ್ಬ ಮಂಡ್ಯ ಕಡೆಯ ಐಟಿಐ ಮಾಡಿದವನು. ತಾನು ಮಾಡಿದ ಪೀಸು ಹಾರೋ ವಿಮಾನದಲ್ಲಿದೆ ಅಂತ ಏರೋ ಇಂಡಿಯಾಕ್ಕೆ ಯಲಹಂಕಕ್ಕೆ ಅಪ್ಪ ಅಮ್ಮನ್ನ ಕರ್ಕೊಂಡು ಹೋಗಿದ್ದ.

ಹಾಗಾಗಿ ರಕ್ಷಣೆಗೆ ಹೋದ ದುಡ್ಡು ನೀರಲ್ಲಿ ಹೋಯ್ತು ಅಂತ ನಾನು ಒಪ್ಪಲ್ಲ. 1940ರಲ್ಲಿ ವಾಲ್‌ಚಂದ್ ಹಿರಾಚಂದ್ ಮೈಸೂರು ಸಂಸ್ಥಾನದ ಜೊತೆ ಸೇರಿ ಬೆಂಗಳೂರಲ್ಲಿ ವಿಮಾನ ಕಾರ್ಖಾನೆ ಹಾಕದೇ ಇದ್ದಿದ್ರೆ, 1954ರಲ್ಲಿ ಜಾಲಹಳ್ಳಿಗೆ ಬಿಇಎಲ್ ಬರದೇ ಇದ್ದಿದ್ರೆ, ಪೀಣ್ಯ ಅನ್ನೋದೇ ಇಷ್ಟು ಬೆಳೀತಿರಲಿಲ್ಲ. ಈಗ ಗುಬ್ಬಿ ತಾಲ್ಲೂಕಿನಲ್ಲಿ ಹೆಲಿಕಾಪ್ಟರ್ ಕಾರ್ಖಾನೆ ಬಂದಿದೆ, 2023ರ ಫೆಬ್ರವರಿಯಲ್ಲಿ ಉದ್ಘಾಟನೆ ಆಯ್ತು. ಆಧುನೀಕರಣಕ್ಕೆ ಇಟ್ಟ ದುಡ್ಡಲ್ಲಿ ಮುಕ್ಕಾಲು ಭಾಗ ದೇಶದೊಳಗೇ ಖರೀದಿಗೆ ಅಂತ 2025-26ರಲ್ಲಿ ಮೀಸಲಿಟ್ಟಿದ್ದಾರೆ, 1.11 ಲಕ್ಷ ಕೋಟಿ. ನಮ್ಮಂಥವರ ಕೈಗೆ ಕೆಲಸ ಬರೋದು ಅದರಿಂದಲೇ.

ಆದರೆ ಹವಾಲ್ದಾರ್ ಸರ್ ಹೇಳಿದ ಬೂಟಿನ ಕಾಯಿಲೆ ನಮ್ಮಲ್ಲೂ ಇದೆ. ತೇಜಸ್ ಯುದ್ಧವಿಮಾನದ ಯೋಜನೆಗೆ ಮಂಜೂರಾತಿ ಸಿಕ್ಕಿದ್ದು 1983ರಲ್ಲಿ. ಮೊದಲ ಹಾರಾಟ 2001ರಲ್ಲಿ. ವಾಯುಪಡೆಯಲ್ಲಿ ಅದರ ಮೊದಲ ಸ್ಕ್ವಾಡ್ರನ್, ಅಂದರೆ ವಿಮಾನಗಳ ತಂಡ, ಆಗಿದ್ದು 2016ರಲ್ಲಿ. ಇಂಜಿನ್ನು ನಮ್ಮದೇ ಇರಲಿ ಅಂತ 1989ರಲ್ಲಿ ಶುರು ಮಾಡಿದ ಕಾವೇರಿ ತೇಜಸ್‌ಗೆ ಕೂಡಲೇ ಇಲ್ಲ. 2021ರಲ್ಲಿ 83 ಮಾರ್ಕ್-1ಎ ವಿಮಾನಕ್ಕೆ ಸುಮಾರು 48,000 ಕೋಟಿಯ ಆರ್ಡರ್ ಆಯ್ತು, ಅಮೆರಿಕದ ಇಂಜಿನ್ ಎರಡು ವರ್ಷ ತಡ ಆಗಿ ಬರೋಕೆ ಶುರುವಾಗಿದ್ದು 2025ರಲ್ಲಿ. ಅಷ್ಟರಲ್ಲಿ ಮಿಗ್-21 ನಿವೃತ್ತಿಯಾಗಿ, 42 ಸ್ಕ್ವಾಡ್ರನ್ ಇರಬೇಕಾದ ಕಡೆ 29 ಉಳಿದಿದೆ. ದುಡ್ಡಿನ ಕೊರತೆಯೊಂದೇ ಆಗಿದ್ರೆ ಹೀಗಾಗ್ತಿರಲಿಲ್ಲ. ಯಾವ ವರ್ಷ ಏನು ಬೇಕು ಅಂತ ಮೊದಲೇ ಕೂತು ತೀರ್ಮಾನ ಮಾಡಿ, ಮಾಡಿದ ತೀರ್ಮಾನಕ್ಕೆ ಅಂಟಿಕೊಳ್ಳದೇ ಇದ್ದಿದ್ದು.

ನಮ್ಮ ಮಟ್ಟಕ್ಕೆ ಬಂದರೆ, ಸಣ್ಣ ಉದ್ಯಮಕ್ಕೆ 45 ದಿನದಲ್ಲಿ ದುಡ್ಡು ಕೊಡಬೇಕು ಅಂತ 2006ರಿಂದ ಕಾನೂನಿದೆ. ಒಬ್ಬ ದೊಡ್ಡ ಗಿರಾಕಿ ನನ್ನ ಒಂದು ಬಿಲ್ಲನ್ನು ಏಳು ತಿಂಗಳು ಇಟ್ಕೊಂಡಿದ್ದರು. ಆ ಏಳು ತಿಂಗಳು ಹನ್ನೊಂದು ಮನೆಯ ಸಂಬಳಕ್ಕೆ ನಾನು ಬ್ಯಾಂಕಿನಲ್ಲಿ ಓವರ್‌ಡ್ರಾಫ್ಟ್ ತೆಗೆದು ತಂದಿದ್ದೀನಿ, ಅದರ ಬಡ್ಡಿ ನನ್ನ ತಲೆ ಮೇಲೆ.

ಮಾಜಿ ಹವಾಲ್ದಾರ್, ಬೆಳಗಾವಿ ಜಿಲ್ಲೆ

ಪೀಣ್ಯದ ತಮ್ಮಾ, ಹಳೀ ಸಾಮಾನಿನ ಮಾತು ಖರೇ ಐತಿ. 1986ರಾಗ ಬೋಫೋರ್ಸ್ 410 ತೋಪು ತಗೊಂಡ್ವಿ. ಆಮ್ಯಾಲೆ ಹಗರಣದ ಅಂಜಿಕಿಗೆ ಮೂವತ್ತು ವರ್ಷ ಅಂಥಾ ಹೊಸಾ ತೋಪು ಯಾರೂ ತರಿಸಲಿಲ್ಲ. ಕಾರ್ಗಿಲ್‌ದಾಗ ಅದs ಬೋಫೋರ್ಸ್ ನಮ್ಮನ್ನ ಉಳಿಸ್ತು. ಲಂಚ ತಿಂದವರಿಗೆ ಶಿಕ್ಷೆ ಆಗಬೇಕಿತ್ತು, ತೋಪಿನ ಖರೀದಿ ನಿಲ್ಲಿಸಿ ಶಿಕ್ಷೆ ಕೊಟ್ಟದ್ದು ಜವಾನಗ.

ಕಡಲ ಮಗಳು, ನಿನ್ನ ಅಜ್ಜಾರ ಬಲಿ ಮಾತು ಮನಸಿಗೆ ಹತ್ತೇತಿ ತಂಗಿ.

ಅಗ್ನಿವೀರನ ಅಕ್ಕ

ಪಿಂಚಣಿ ಹೊರೆ ಕಡಿಮೆ ಮಾಡಬೇಕು ಅಂತ ಮೇಲೆ ಒಬ್ಬರು ಬರೆದಿದ್ದಾರೆ. ಅದನ್ನ ಕಡಿಮೆ ಮಾಡೋಕೆ ಬಂದ ದಾರಿಯಲ್ಲೇ ನನ್ನ ತಮ್ಮ ಇದ್ದಾನೆ. 2022ರ ಜೂನ್‌ನಲ್ಲಿ ಅಗ್ನಿಪಥ ಘೋಷಣೆ ಆಯ್ತು. ಅವನು ಮೊದಲ ತಂಡ, 2023ರ ಶುರುವಿನಲ್ಲಿ ತರಬೇತಿಗೆ ಹೋದ. ಮೊದಲ ವರ್ಷ ತಿಂಗಳಿಗೆ 30,000, ಅದರಲ್ಲಿ 9,000 ನಿಧಿಗೆ ಹೋಗಿ ಕೈಗೆ 21,000. ನಾಲ್ಕು ವರ್ಷದ ಕೊನೆಗೆ ಸರ್ಕಾರದ ಪಾಲೂ ಬಡ್ಡಿಯೂ ಸೇರಿ ಸುಮಾರು 11.71 ಲಕ್ಷ. ನೂರಕ್ಕೆ 25 ಜನ ಕಾಯಂ, 75 ಜನ ವಾಪಸ್ಸು, ಅವರಿಗೆ ಪಿಂಚಣಿ ಇಲ್ಲ.

ದುಡ್ಡು ಕಡಿಮೆ ಅಂತ ನಾನು ಹೇಳಲ್ಲ. ಅದೇ ದುಡ್ಡಲ್ಲಿ ಮನೆಗೆ ಆರ್‌ಸಿಸಿ ಹಾಕಿಸಿದ್ವಿ. ಆದರೆ ರಜೆಗೆ ಬಂದಾಗ ಅವನು ರಾತ್ರಿ ನಿದ್ದೆ ಮಾಡಲ್ಲ. ಇಪ್ಪತ್ತೈದರಲ್ಲಿ ನಾನು ಇರ್ತೀನಾ ಅಂತ ಒಂದೇ ಯೋಚನೆ. ನಾಲ್ಕು ವರ್ಷ ಒಟ್ಟಿಗೆ ಉಂಡು ಒಟ್ಟಿಗೆ ಓಡಿದ ಗೆಳೆಯರ ನಡುವೆಯೇ ಆಯ್ಕೆ ನಡೀಬೇಕು. ಬಜೆಟ್ ಉಳಿತಾಯ ಅಂತ ಕಾಗದದಲ್ಲಿ ಒಂದು ಸಾಲು ಬರೀತಾರಲ್ಲ, ಅದು ನಮ್ಮನೆ ಪಡಸಾಲೆಯಲ್ಲಿ ನಿದ್ದೆ ಬರದೆ ಕೂತಿರುತ್ತೆ.

ಮಾಜಿ ಹವಾಲ್ದಾರ್, ಬೆಳಗಾವಿ ಜಿಲ್ಲೆ

ತಂಗಿ, ತಮ್ಮಗ ಹೇಳು, ಡ್ರೈವಿಂಗ್ ಲೈಸೆನ್ಸು, ಓದಿನ ಸರ್ಟಿಫಿಕೇಟು ಎಲ್ಲಾ ಈಗs ತಯಾರ ಇಟ್ಟುಕೊಳ್ಳಂತ. ಅರೆಸೇನಾ ಪಡೆಯಾಗ, ಕೆಲವು ರಾಜ್ಯದ ಪೊಲೀಸಿನ್ಯಾಗ ಅಗ್ನಿವೀರರಿಗೆ ಮೀಸಲಾತಿ ಐತಿ. ಜಿಲ್ಲಾ ಸೈನಿಕ ಕಲ್ಯಾಣ ಕಚೇರಿಗೆ ಒಮ್ಮಿ ಹೋಗಿ ಕೇಳ್ರಿ. ನನಗ ಖಾಸಗಿ ಸಂದೇಶ ಕಳಿಸು, ನಾನೂ ಜೋಡಿ ಬರ್ತೇನಿ.

ಮ್ಯೂನಿಕ್ ಕನ್ನಡಿಗ

ಇಲ್ಲಿ ಜರ್ಮನಿಯಲ್ಲೂ ಇದೇ ಚರ್ಚೆ ಮನೆಮನೆಯಲ್ಲಿ. ಉಕ್ರೇನ್ ಮೇಲೆ ದಾಳಿಯಾದ ಮೂರೇ ದಿನಕ್ಕೆ, 2022ರ ಫೆಬ್ರವರಿ 27ರಂದು, ಸೇನೆಗೆ 100 ಶತಕೋಟಿ ಯೂರೋ ವಿಶೇಷ ನಿಧಿ ಅಂತ ಘೋಷಿಸಿದರು. ದುಡ್ಡು ಘೋಷಣೆಯಾದರೂ ಸಾಮಾನು ಬರೋಕೆ ವರ್ಷಗಳೇ ಹಿಡಿದವು. 2025ರಲ್ಲಿ ಸಂವಿಧಾನವನ್ನೇ ತಿದ್ದಿ, ಜಿಡಿಪಿಯ (ದೇಶದ ಒಟ್ಟು ಉತ್ಪನ್ನದ) ಶೇ. 1ಕ್ಕಿಂತ ಹೆಚ್ಚಿನ ರಕ್ಷಣಾ ಖರ್ಚಿಗೆ ಸಾಲದ ಮಿತಿ ಬೇಡ ಅಂದರು. ನನ್ನ ಮಗನ ಶಾಲೆಯಲ್ಲೂ ಶಿಕ್ಷಕರ ಕೊರತೆ ಇದೆ. ಇಲ್ಲೂ ಶಾಲೆ ರಾಜ್ಯದ ಜೇಬು, ಸೇನೆ ಕೇಂದ್ರದ ಜೇಬು. ಲೆಕ್ಕದ ಪುಸ್ತಕ ಅವರು ಬರೆದದ್ದು ಓದಿದಾಗ ನಮ್ಮ ಪೋಷಕರ ಸಭೆಯೇ ನೆನಪಾಯ್ತು.

ಜಗಲಿ ಮಾತು

ಹಾಗಾದರೆ ಜಿಡಿಪಿಯ ಶೇ. 3 ಕೊಡಿ ಅನ್ನೋರ ಮಾತು ಸರಿಯೋ ತಪ್ಪೋ? ಸಂಸದೀಯ ಸಮಿತಿಯೇ ಹಾಗೆ ಹೇಳಿತ್ತಲ್ಲ.

ಲೆಕ್ಕದ ಪುಸ್ತಕ

2025-26ರ ಬಜೆಟ್ಟಿನಲ್ಲಿ ರಕ್ಷಣೆಗೆ ಇಟ್ಟದ್ದು ಶೇ. 1.9ರ ಆಸುಪಾಸಿನಲ್ಲಿದೆ. ಶೇ. 3 ಮಾಡಬೇಕಾದರೆ ವರ್ಷಕ್ಕೆ ಇನ್ನೂ ಸುಮಾರು 3.9 ಲಕ್ಷ ಕೋಟಿ ಹುಡುಕಬೇಕು. ಅದು ಕರ್ನಾಟಕದ ಇಡೀ ಬಜೆಟ್ಟಿನ ಹತ್ತಿರಹತ್ತಿರ. ಹಾಗಂತ ಬೇಡವೇ ಬೇಡ ಅಂತಲೂ ಅಲ್ಲ. ಶಿಕ್ಷಣಕ್ಕೆ ಶೇ. 6 ಅಂತ ಕೊಠಾರಿ ಆಯೋಗ 1966ರಲ್ಲಿ ಹೇಳಿತು, 2020ರ ಶಿಕ್ಷಣ ನೀತಿಯೂ ಅದನ್ನೇ ಹೇಳಿತು. ಆರೋಗ್ಯಕ್ಕೆ 2025ರೊಳಗೆ ಶೇ. 2.5 ಅಂತ 2017ರ ಆರೋಗ್ಯ ನೀತಿ ಹೇಳಿತು. ಎಲ್ಲರ ಕೈಯಲ್ಲೂ ಒಂದೊಂದು ಶೇಕಡಾ ಇದೆ. ಎಲ್ಲ ಕೂಡಿಸಿದರೆ ತಟ್ಟೆಗಿಂತ ಅನ್ನ ಜಾಸ್ತಿ. ನನ್ನ ಮಟ್ಟಿಗೆ ಶೇಕಡಾ ಹಿಡಿದು ಜಗ್ಗಾಡೋದಕ್ಕಿಂತ ಕೊಟ್ಟದ್ದು ಸಮಯಕ್ಕೆ ಖರ್ಚಾಯಿತೇ ಅಂತ ಕೇಳೋದು ಮುಖ್ಯ. 2024-25ರಲ್ಲಿ ಸೇನೆಯ ಬಂಡವಾಳಕ್ಕೆ 1.72 ಲಕ್ಷ ಕೋಟಿ ಇಟ್ಟರು, ಪರಿಷ್ಕೃತ ಅಂದಾಜಿಗೆ ಬರೋ ಹೊತ್ತಿಗೆ ಅದು 1.595 ಲಕ್ಷ ಕೋಟಿಗೆ ಇಳಿದಿತ್ತು. 12,500 ಕೋಟಿ ಕಡಿಮೆ.

ವರ್ಷ ಮುಗಿದರೆ ಉಳಿದ ದುಡ್ಡು ವಾಪಸ್. ಆದರೆ ಫಿರಂಗಿ, ವಿಮಾನ ಏಪ್ರಿಲ್‌ನಿಂದ ಮಾರ್ಚ್‌ಗೆ ಬರೋ ಸಾಮಾನಲ್ಲ. ಅದಕ್ಕೇ, ಕೇಂದ್ರದ ತೆರಿಗೆಯಲ್ಲಿ ರಾಜ್ಯಗಳ ಪಾಲೆಷ್ಟು ಅಂತ ಸೂಚಿಸುವ 15ನೇ ಹಣಕಾಸು ಆಯೋಗ 2021-26ಕ್ಕೆ 2.38 ಲಕ್ಷ ಕೋಟಿಯ, ವರ್ಷಾಂತ್ಯಕ್ಕೆ ಕರಗದ ರಕ್ಷಣಾ ನಿಧಿಯೊಂದನ್ನು ಸೂಚಿಸಿತು. ನಿಧಿಯ ವಿಚಾರ ನನಗೆ ಸರಿ ಅನ್ನಿಸುತ್ತೆ. ಆದರೆ ಅದರ ದುಡ್ಡು ರಾಜ್ಯಗಳ ತೆರಿಗೆ ಪಾಲಿನ ಮೂಲದಿಂದ ಬರಕೂಡದು. ಅದೇ ಆಯೋಗದಲ್ಲಿ ಕರ್ನಾಟಕದ ಪಾಲು ಶೇ. 4.713ರಿಂದ 3.647ಕ್ಕೆ ಇಳಿದಿದ್ದು. ಮೇಷ್ಟ್ರೇ, ನಿಮ್ಮ ಗಣಿತದ ಮೇಷ್ಟ್ರ ಸಂಬಳ ಬರೋದು ಈ ಎರಡನೇ ಜೇಬಿನಿಂದ.

ಇನ್ನು ಸಂಸತ್ತು. 2018ರಲ್ಲಿ ಸೇನೆಯ ಉಪಮುಖ್ಯಸ್ಥರು ಸಂಸದೀಯ ಸಮಿತಿಯ ಮುಂದೆ ಕೂತು, ನಮ್ಮ ಸಲಕರಣೆಯಲ್ಲಿ ಶೇ. 68 ಹಳೇ ಕಾಲದ್ದು, ಶೇ. 8 ಮಾತ್ರ ಅತ್ಯಾಧುನಿಕ, ಕೊಟ್ಟ 21,338 ಕೋಟಿ ಹಿಂದಿನ ಖರೀದಿಯ ಬಾಕಿ ಕಂತು 29,033 ಕೋಟಿಗೂ ಸಾಲದು ಅಂತ ಬಾಯಿಬಿಟ್ಟು ಹೇಳಿದರು. ಆ ವರ್ಷದ ಮಾರ್ಚ್‌ನಲ್ಲಿ ಲೋಕಸಭೆ ಎಲ್ಲ ಇಲಾಖೆಗಳ ಬೇಡಿಕೆಯನ್ನೂ ಒಂದೇ ಏಟಿಗೆ, ಚರ್ಚೆಯಿಲ್ಲದೆ ಪಾಸು ಮಾಡಿತು. ನಾನು ಮೂವತ್ತು ವರ್ಷದಲ್ಲಿ ನೂರು ರೂಪಾಯಿಯ ಬಸ್ ಚೀಟಿ ಇಲ್ಲ ಅಂತ ಗುಮಾಸ್ತರ ಬಿಲ್ಲು ತಡೆದಿದ್ದೀನಿ. ಅವತ್ತು ಆ ಸುದ್ದಿ ಓದಿ ಊಟ ಸೇರಲಿಲ್ಲ.

ಕಡಲ ಮಗಳು

ಸರ್, ಸಮಯಕ್ಕೆ ಖರ್ಚಾಗಲಿ ಅನ್ನೋದನ್ನ ಒಪ್ಪುತ್ತೇನೆ. ಆದರೆ ಎಷ್ಟು ಅನ್ನೋ ಪ್ರಶ್ನೆಯನ್ನ ಅಷ್ಟು ಸುಲಭಕ್ಕೆ ಬದಿಗಿಡೋಕೆ ನನಗೆ ಆಗಲ್ಲ. ಎರಡು ಜೇಬು ಅನ್ನೋದು ಸರ್ಕಾರಗಳಿಗೆ. ತೆರಿಗೆ ಕೊಡುವ ನಮ್ಮಮ್ಮನಿಗೆ ಇರೋದು ಒಂದೇ ಸೆರಗಿನ ಗಂಟು. ಗಣಿತದ ಮೇಷ್ಟ್ರಿಗೆ ಕೇಂದ್ರ ಹೆಚ್ಚು ದುಡ್ಡು ರಾಜ್ಯಕ್ಕೆ ಕೊಡಬಹುದಿತ್ತು, ಕೊಡಲಿಲ್ಲ. ಅದೂ ಒಂದು ಆಯ್ಕೆಯೇ.

ಲೆಕ್ಕದ ಪುಸ್ತಕ

ಹೌದಮ್ಮ, ಅದು ಆಯ್ಕೆಯೇ. ನಾನು ಬರೆದದ್ದರಲ್ಲಿ ಆ ಮಾತು ಬಿಟ್ಟುಹೋಗಿತ್ತು.

ಬಯಲುಸೀಮೆ ಮೇಷ್ಟ್ರು

ಎಲ್ಲರಿಗೂ ನಮಸ್ಕಾರ. ಇವತ್ತು ಸೋಮವಾರ, ತರಗತಿ ಮುಗಿಸಿ ಬಂದು ಬರೀತಿದ್ದೀನಿ.

ಬೋರ್ಡ್ ಮೇಲೆ ದೊಡ್ಡದಾಗಿ ಒಂದು ರೂಪಾಯಿ ನಾಣ್ಯ ಬರೆದೆ. ಸೇನೆಗೆ ಎಷ್ಟು ಪೈಸೆ ಹೋಗಬಹುದು ಅಂತ ಮೊದಲು ಅವರನ್ನೇ ಕೇಳಿದೆ. ಒಬ್ಬ ಐವತ್ತು ಅಂದ, ಒಬ್ಬಳು ಮೂವತ್ತು ಅಂದಳು. 8 ಅಂದಾಗ ಯಾರೂ ನಂಬಲಿಲ್ಲ, ಎರಡು ಲೆಕ್ಕವನ್ನೂ ಬಿಡಿಸಿ ಹೇಳಬೇಕಾಯ್ತು. ಆಮೇಲೆ ಹವಾಲ್ದಾರ್ ಸಾಹೇಬರ ಬೂಟು, ಕನ್ನಡಕದ ವಿಷಯ ಹೇಳಿದೆ. ಬೆಳಗ್ಗೆ ಓಡುವವರ ತಮ್ಮಂದಿರೂ ತಂಗಿಯರೂ ಇದ್ದರಲ್ಲ, ತರಗತಿ ಒಂದು ನಿಮಿಷ ಗಪ್ ಆಯ್ತು. ಕಾರವಾರದ ಅಜ್ಜನ ಬಲೆಯ ಮಾತೂ ಹೇಳಿದೆ. ನಮ್ಮೂರ ಕೆರೆ ಅಂಗಳದಲ್ಲಿ ಬಲೆ ಹಾಕುವ ಮನೆಯ ಹುಡುಗನೊಬ್ಬ ರಂಪಣಿ ಬಲೆ ಎಷ್ಟು ಉದ್ದ ಇರುತ್ತೆ ಅಂತ ಕೇಳಿದ. ನನಗೆ ಗೊತ್ತಿರಲಿಲ್ಲ, ಕಡಲ ಮಗಳು ಅವರೇ ಹೇಳಬೇಕು.

ಆ ಹುಡುಗಿಗೆ ನಾನು ಹೇಳಿದ್ದು ಇಷ್ಟು: ನಿನ್ನ ಗಣಿತದ ಸರ್ ಇಲ್ಲದ್ದು ವಿಮಾನ ಬಂದಿದ್ದಕ್ಕಲ್ಲ. ಅವರ ಸಂಬಳ ಬೆಂಗಳೂರಿನಿಂದ ಬರಬೇಕು, ಬೆಂಗಳೂರಿಗೆ ಒಂದು ಪಾಲು ದಿಲ್ಲಿಯಿಂದ ಬರಬೇಕು. ನೇಮಕಾತಿ ತಡ ಮಾಡಿದವರನ್ನೂ ಕೇಳಬೇಕು, ಪಾಲು ಕಡಿಮೆ ಮಾಡಿದವರನ್ನೂ ಕೇಳಬೇಕು. ಶಾಲಾಭಿವೃದ್ಧಿ ಸಮಿತಿ (ಎಸ್‌ಡಿಎಂಸಿ) ಸಭೆ ಶುಕ್ರವಾರ ಇದೆ, ಖಾಲಿ ಹುದ್ದೆಗೆ ಅತಿಥಿ ಶಿಕ್ಷಕರನ್ನಾದರೂ ಕೊಡಿ ಅಂತ ಬಿಇಒ ಕಚೇರಿಗೆ ಮನವಿ ಬರೀತೀವಿ, ಅದರ ಕರಡು ನೀನೇ ಬರಿ ಅಂದೆ. ಬರೀತೀನಿ ಅಂದಳು.

ಆದರೆ ಕೂತವಳು ಮತ್ತೆ ಎದ್ದಳು. "ಸರ್, ಆ 20 ಪೈಸೆ ಬಡ್ಡಿ ಐತಲ್ಲ, ಅದನ್ನ ಯಾರಿಗೆ ಕೊಡತಾರ?" ಗಂಟೆ ಹೊಡೀತು, ನಾಳೆ ಹೇಳ್ತೀನಿ ಅಂದೆ. ಲೆಕ್ಕದ ಪುಸ್ತಕ ಸರ್, ನೀವೇ ದಿಕ್ಕು.

ಲೆಕ್ಕದ ಪುಸ್ತಕ

ಬಹುಪಾಲು ದೇಶದೊಳಗೇ ಉಳಿಯುತ್ತೆ ಮೇಷ್ಟ್ರೇ. ಸರ್ಕಾರದ ಸಾಲಪತ್ರ ಕೊಂಡಿರೋದು ಬ್ಯಾಂಕುಗಳು, ಎಲ್ಐಸಿಯಂಥ ವಿಮಾ ಕಂಪನಿಗಳು, ಭವಿಷ್ಯ ನಿಧಿಗಳು, ರಿಸರ್ವ್ ಬ್ಯಾಂಕು. ಅಂಚೆ ಕಚೇರಿಯ ಸಣ್ಣ ಉಳಿತಾಯದಿಂದಲೂ ಸರ್ಕಾರ ಸಾಲ ತಗೊಳ್ಳುತ್ತೆ. ನಾಳೆ ತರಗತಿಗೆ ಹೋದ ತಕ್ಷಣ ಒಂದು ಕೆಲಸ ಮಾಡಿ: ಯಾರ ಮನೆಯಲ್ಲಿ ಎಲ್ಐಸಿ ಪಾಲಿಸಿ ಇದೆ, ಯಾರ ಅಜ್ಜಿ ಅಂಚೆ ಕಚೇರಿಯಲ್ಲಿ ಆರ್‌ಡಿ ಕಟ್ತಾರೆ, ಕೈ ಎತ್ತಿ ಅನ್ನಿ. ಎಷ್ಟು ಕೈ ಎದ್ದವು ಅಂತ ಇಲ್ಲಿ ಬರೀರಿ, ಅಲ್ಲಿಂದ ಮುಂದಿನದು ಹೇಳ್ತೀನಿ.